ನಮ್ಮ ಏರಿಯಾದ ಪತ್ತಿನ ಸೊಸೈಟಿ: ಸೇವೆಗೆ ನಾಲ್ಕು ಸ್ಟಾರ್, ಲೆಕ್ಕ ತೋರಿಸೋದಕ್ಕೆ ಎರಡು

ಸೊಸೈಟಿಯ ಹೆಸರು ಹಾಕುವುದಿಲ್ಲ. ಮೈಸೂರಿನ ಒಂದು ಬಡಾವಣೆಯದು, ಅಷ್ಟು ಸಾಕು. ಇಲ್ಲಿ ಬರೆದಿರುವುದರಲ್ಲಿ ಮುಕ್ಕಾಲು ಭಾಗ ನಿಮ್ಮ ಸೊಸೈಟಿಗೂ ಹೊಂದಬಹುದು, ಓದಿ ನೋಡಿ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಕೌಂಟರಿನಲ್ಲಿ ಹೆಸರು ಹಿಡಿದು ಮಾತಾಡಿಸುತ್ತಾರೆ. ಒಡವೆ ಸಾಲ ಕೂತಲ್ಲೇ ಆಗುತ್ತದೆ. ಎಫ್‌ಡಿಗೆ ಬ್ಯಾಂಕಿಗಿಂತ ಬಡ್ಡಿ ಜಾಸ್ತಿ, ಹಿರಿಯ ನಾಗರಿಕರಿಗೆ ಇನ್ನೂ ಸ್ವಲ್ಪ. ನನಗೆ ನಿಜವಾಗಿ ಇಷ್ಟವಾದದ್ದು ಪಿಗ್ಮಿ, ಅಂದರೆ ದಿನಾ ಸ್ವಲ್ಪ ಸ್ವಲ್ಪ ದುಡ್ಡು ಕಟ್ಟುವ ವ್ಯವಸ್ಥೆ. ಕಲೆಕ್ಟರ್ ಕೈಯಲ್ಲಿ ಮೆಷಿನ್ ಇದೆ, ದುಡ್ಡು ಕೊಟ್ಟ ತಕ್ಷಣ ಚೀಟಿ ಬರುತ್ತದೆ, ಮೊಬೈಲಿಗೆ ಮೆಸೇಜೂ ಬರುತ್ತದೆ. ಮೊದಲು ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆಯುತ್ತಿದ್ದರು. ಕಲೆಕ್ಟರ್ ನಾಲ್ಕು ದಿನ ದುಡ್ಡು ತನ್ನಲ್ಲೇ ಇಟ್ಟುಕೊಂಡು ಓಡಾಡಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಹಾಗೆ ಮಾಡೋದು ಕಷ್ಟ.

ಆದರೆ ಈ ಬಿಗಿ ಎಲ್ಲಾ ಕೆಳಗಿನವರಿಗೆ ಮಾತ್ರ. ನೂರು ರೂಪಾಯಿ ಪಿಗ್ಮಿಗೆ ಚೀಟಿ ಸಿಗುತ್ತದೆ, ನಿರ್ದೇಶಕರ ಮನೆಯವರಿಗೆ ಹೋದ ಲಕ್ಷಗಟ್ಟಲೆ ಸಾಲದ ಬಗ್ಗೆ ಷೇರುದಾರರಿಗೆ ಒಂದು ಸಾಲೂ ಸಿಗುವುದಿಲ್ಲ. ನನ್ನ ಮುಖ್ಯ ತಕರಾರು ಇದು.

ಸೆಪ್ಟೆಂಬರಿನಲ್ಲಿ ಮಹಾಸಭೆ ನಡೆಯುತ್ತದೆ. ಹಣಕಾಸು ವರ್ಷ ಮುಗಿದ ಆರು ತಿಂಗಳೊಳಗೆ ನಡೆಸಲೇಬೇಕಲ್ಲ, ಅದಕ್ಕೇ ಆ ತಿಂಗಳು ಊರಿನ ಕಲ್ಯಾಣ ಮಂಟಪಗಳೆಲ್ಲ ಸೊಸೈಟಿಗಳಿಗೇ ಬುಕ್ ಆಗಿರುತ್ತವೆ. ಬಾಗಿಲಲ್ಲಿ ಸಹಿ ಹಾಕಿಸಿ ಒಂದು ಸ್ಟೀಲ್ ಡಬ್ಬಿ ಕೊಡುತ್ತಾರೆ, ಜೊತೆಗೆ ವರದಿ ಪುಸ್ತಕ. ಅರ್ಧ ಜನ ಡಬ್ಬಿ ತಗೊಂಡು ಊಟದ ಹಾಲ್ ಕಡೆ ಹೋಗುತ್ತಾರೆ. ಪುಸ್ತಕದ ಮೊದಲ ಪುಟಗಳಲ್ಲಿ ನಿರ್ದೇಶಕರ ಕಲರ್ ಫೋಟೋಗಳು, ಆಮೇಲೆ ಠೇವಣಿ ಎಷ್ಟು ಏರಿತು, ಲಾಭ ಎಷ್ಟು, ಡಿವಿಡೆಂಡ್ ಎಷ್ಟು. ಸುಸ್ತಿ ಸಾಲಕ್ಕೆ, ಅಂದರೆ ವಾಯಿದೆ ಮೀರಿದರೂ ಕಟ್ಟದ ಸಾಲಕ್ಕೆ, ಮಾತ್ರ ಒಂದೇ ಒಂದು ಸಾಲು: ಇಷ್ಟು ಪರ್ಸೆಂಟ್, ಮುಗೀತು. ಅದರಲ್ಲಿ ಮೂರು ತಿಂಗಳದ್ದೆಷ್ಟು, ಮೂರು ವರ್ಷದ್ದೆಷ್ಟು, ಯಾವುದಕ್ಕೆ ಜಾಮೀನೇ ಸರಿಯಿಲ್ಲ ಅಂತ ಗೊತ್ತಾಗುವುದಿಲ್ಲ. ಲೆಕ್ಕಪರಿಶೋಧಕರು ಎತ್ತಿದ ಆಕ್ಷೇಪಣೆಗಳೂ ಇಲ್ಲ, ಏನು ಸರಿಮಾಡಿದೆವು ಅಂತ ಸೊಸೈಟಿ ಅದಕ್ಕೆ ಕೊಟ್ಟ ಉತ್ತರ, ಅಂದರೆ ಅನುಪಾಲನಾ ವರದಿಯೂ ಇಲ್ಲ. ‘ಆಡಿಟ್‌ನಲ್ಲಿ ಎ ದರ್ಜೆ’ ಅಂತ ವೇದಿಕೆ ಹಿಂದೆ ದೊಡ್ಡ ಬ್ಯಾನರ್ ಇದೆ. ದರ್ಜೆ ಯಾವ ಲೆಕ್ಕದ ಮೇಲೆ ಬಂತು ಅಂತ ನೋಡೋದಕ್ಕೆ ಬೇಕಾದ ಹಾಳೆಗಳು ಇಲ್ಲ, ಅಷ್ಟೇ.

ಎದ್ದು ಕೇಳಿದೆ. ‘ಏನ್ ಸಾರ್, ನಮ್ಮ ಮೇಲೆ ನಂಬಿಕೆ ಇಲ್ವಾ?’ ಅಂದರು ಅಧ್ಯಕ್ಷರು. ಸಭೆ ನಕ್ಕಿತು, ಕಾರ್ಯದರ್ಶಿ ಮುಂದಿನ ವಿಷಯ ಓದಿದರು. ಈ ಮಾತು ನೀವೂ ಕೇಳಿರುತ್ತೀರಿ. ಲೆಕ್ಕದ ಪ್ರಶ್ನೆಯನ್ನು ವೈಯಕ್ತಿಕ ಮಾಡಿಬಿಟ್ಟರೆ ಕೇಳಿದವನೇ ಕೆಟ್ಟವನಾಗುತ್ತಾನೆ, ಅಲ್ವಾ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಆಮೇಲೆ ಆಫೀಸಿಗೆ ಹೋಗಿ ಕೇಳಿದಾಗ ಕಾರ್ಯದರ್ಶಿ ಆಡಿಟ್ ವರದಿ ತೆಗೆದುಕೊಟ್ಟರು. ಫೋಟೋ ಬೇಡ, ಕೂತು ಓದಿ ಅಂದರು, ಟೀ ಕೂಡ ತರಿಸಿದರು. ಅದರಲ್ಲಿ ಗಾಬರಿಯಾಗುವಂಥದ್ದು ನನಗೇನೂ ಕಾಣಲಿಲ್ಲ. ಆದರೆ ಕೆಲವು ಸಾಲಗಳು ಮಾರ್ಚ್ ಕೊನೆಯಲ್ಲಿ ತೀರಿ, ಏಪ್ರಿಲ್‌ನಲ್ಲಿ ಅದೇ ಹೆಸರಿಗೆ ಮತ್ತೆ ಹುಟ್ಟಿವೆ ಅಂತ ಆಡಿಟರ್ ಬರೆದಿದ್ದರು. ಸೊಸೈಟಿಯವರ ಭಾಷೆಯಲ್ಲಿ ಇದಕ್ಕೆ ಬುಕ್ ಅಡ್ಜಸ್ಟ್‌ಮೆಂಟ್ ಅಂತಾರೆ. ಇದರಿಂದ ಸುಸ್ತಿ ಪರ್ಸೆಂಟ್ ಚೆನ್ನಾಗಿ ಕಾಣುತ್ತದೆ, ದುಡ್ಡು ಮಾತ್ರ ವಾಪಸ್ ಬಂದಿರುವುದಿಲ್ಲ. ಮಹಾಸಭೆಯಲ್ಲಿ ಚರ್ಚೆ ಆಗಬೇಕಾದದ್ದು ಇದು.

ಇನ್ನೊಂದು ವಿಷಯಕ್ಕೆ ಒಂದು ಸ್ಟಾರ್ ಕಟ್ ಮಾಡಿದ್ದೇನೆ. ಠೇವಣಿಗೆ ವಿಮೆ ಇದೆಯಾ ಅಂತ ಕೌಂಟರಿನಲ್ಲಿ ಕೇಳಿದರೆ ‘ಸರ್ಕಾರದ ನೋಂದಣಿ ಇದೆ ಸಾರ್’ ಅನ್ನುತ್ತಾರೆ. ನೋಂದಣಿಗೂ ವಿಮೆಗೂ ಏನು ಸಂಬಂಧ? ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ಸಂಸ್ಥೆಯಾದ ಡಿಐಸಿಜಿಸಿಯ 5 ಲಕ್ಷದ ವಿಮೆ ಇರುವುದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ. ಪತ್ತಿನ ಸೊಸೈಟಿಗೆ ಇಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, 35,000 ರೂಪಾಯಿಗಿಂತ ಜಾಸ್ತಿ ತೆಗೆಯುವಂತಿಲ್ಲ ಅಂದಾಗ ಪೆನ್ಷನ್ ದುಡ್ಡು ಇಟ್ಟಿದ್ದ ಎಷ್ಟೋ ಹಿರಿಯರು ಕಂಗಾಲಾದರು. ಅದು ಬ್ಯಾಂಕ್, ಅದಕ್ಕೆ ವಿಮೆಯಾದರೂ ಇತ್ತು. ಸೊಸೈಟಿಯಲ್ಲಿ ಹಾಗಾದರೆ ಅದೂ ಇಲ್ಲ. ‘ಈ ಠೇವಣಿಗೆ ವಿಮೆ ಇಲ್ಲ’ ಅನ್ನುವ ಒಂದು ವಾಕ್ಯವನ್ನು ಎಫ್‌ಡಿ ಫಾರಂ ಮೇಲೆ ದಪ್ಪಕ್ಷರದಲ್ಲಿ ಹಾಕಿದರೆ ಸೊಸೈಟಿಯ ಮೇಲೆ ನನಗೆ ಗೌರವ ಜಾಸ್ತಿಯಾಗುತ್ತಿತ್ತು.

ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದಾಗ ಅದು ಒಂದು ಹಳ್ಳಿಯ ಜನರದ್ದು. ಅಷ್ಟು ಚಿಕ್ಕ ಊರಲ್ಲಿ ಯಾರು ಸಾಲ ತಗೊಂಡರು, ಯಾರು ಕಟ್ಟಲಿಲ್ಲ ಅನ್ನೋದು ಮುಚ್ಚಿಡುವ ಮಾತೇ ಅಲ್ಲ. ನಮ್ಮ ಸೊಸೈಟಿಯಲ್ಲಿ ಪಕ್ಕದ ಬೀದಿಯ ಸದಸ್ಯರ ಮುಖವೇ ಗೊತ್ತಿಲ್ಲ. ಕಣ್ಣಿಗೆ ಕಾಣದ್ದನ್ನು ಕಾಗದವೇ ತೋರಿಸಬೇಕು.

ನಾನು ಕೇಳುತ್ತಿರುವುದು ಎರಡೇ ಹಾಳೆ. ಒಂದು, ನಿರ್ದೇಶಕರು, ಅವರ ಮನೆಯವರು ಮತ್ತು ಸಿಬ್ಬಂದಿಯ ಸಾಲದ ಒಟ್ಟು ಮೊತ್ತ, ಅದರಲ್ಲಿ ಸುಸ್ತಿ ಎಷ್ಟು ಅಂತ. ಇನ್ನೊಂದು, ಆಡಿಟ್ ಆಕ್ಷೇಪಣೆ ಮತ್ತು ಅದಕ್ಕೆ ಕೊಟ್ಟ ಉತ್ತರ. ಸಾಲಗಾರರ ಹೆಸರು ಬೇಡ, ಯಾರ ಮಾನ ಕಳೆಯುವ ಉದ್ದೇಶವೂ ಇಲ್ಲ. ನೋಟಿಸ್ ಬೋರ್ಡಿಗೆ ಅಂಟಿಸಿದರೂ ಸಾಕು. ಜೊತೆಗೆ, ಆಡಿಟರ್ ನೇಮಕದ ವಿಷಯ ಬಂದಾಗ ಸುಮ್ನೆ ಕೈ ಎತ್ತಿಸದೆ, ಇವರೇ ಎಷ್ಟು ವರ್ಷದಿಂದ ಇದ್ದಾರೆ ಅಂತ ಸಭೆಗೆ ಹೇಳಲಿ.

ಕೊಡದಿದ್ದರೆ? ಮಾಹಿತಿ ಹಕ್ಕಿನಲ್ಲಿ ಸೊಸೈಟಿಯನ್ನೇ ನೇರವಾಗಿ ಕೇಳೋದು ಸಾಮಾನ್ಯವಾಗಿ ನಡೆಯಲ್ಲ. ಸರ್ಕಾರದ ದೊಡ್ಡ ದುಡ್ಡಾಗಲಿ ನಿಯಂತ್ರಣವಾಗಲಿ ಇಲ್ಲದ ಸಹಕಾರ ಸಂಘ ಆ ಕಾಯ್ದೆಯಡಿ ಸಾರ್ವಜನಿಕ ಪ್ರಾಧಿಕಾರ ಅಲ್ಲ ಅಂತ 2013ರಲ್ಲಿ ಕೇರಳದ ತಲಪ್ಪಲಂ ಬ್ಯಾಂಕಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಸಹಕಾರ ಇಲಾಖೆಯ ನಿಬಂಧಕರು (ರಿಜಿಸ್ಟ್ರಾರ್) ಸಾರ್ವಜನಿಕ ಪ್ರಾಧಿಕಾರವೇ. ಕಾನೂನು ಪ್ರಕಾರ ಅವರು ಸೊಸೈಟಿಯಿಂದ ಪಡೆಯಬಹುದಾದ ಮಾಹಿತಿಯನ್ನು ಅವರ ಕಚೇರಿಗೆ 10 ರೂಪಾಯಿ ಕಟ್ಟಿ ಕೇಳಬಹುದು. ಅಲ್ಲಿಗೆ ಹೋಗುವ ಮನಸ್ಸು ನನಗಿನ್ನೂ ಇಲ್ಲ. ಕಾರ್ಯದರ್ಶಿ ಆಡಿಟ್ ವರದಿ ತೆಗೆದುಕೊಟ್ಟ ರೀತಿ ನೋಡಿದರೆ ಇವರು ಕಳ್ಳರು ಅನ್ನಿಸಲ್ಲ, ತೋರಿಸಿ ಅಭ್ಯಾಸ ಇಲ್ಲ ಅನ್ನಿಸುತ್ತೆ.

ಸದ್ಯಕ್ಕೆ ಪಿಗ್ಮಿ ಮುಂದುವರಿಸಿದ್ದೇನೆ, ಷೇರೂ ಇದೆ. ಅವಧಿ ಮುಗಿದ ಎಫ್‌ಡಿಯನ್ನು ಮಾತ್ರ ಬ್ಯಾಂಕಿಗೆ ಸಾಗಿಸಿದೆ, ಬಡ್ಡಿ ಕಮ್ಮಿಯಾದರೂ ಪರವಾಗಿಲ್ಲ. ನೀವು ಹೊಸದಾಗಿ ಸೇರುವವರಾದರೆ ಬಡ್ಡಿ ದರ ಕೇಳುವ ಮೊದಲು ಕಳೆದ ವರ್ಷದ ಆಡಿಟ್ ವರದಿ ಕೇಳಿ, ಯಾವ ಮುಖ ಮಾಡುತ್ತಾರೆ ನೋಡಿ.