ಪಾರ್ಸೆಲ್‌ನಲ್ಲಿ ಕಡಕನಾಥ್ ತತ್ತಿ ತರಿಸುವವರು ಹಣ ಹಾಕುವ ಮುನ್ನ ಇದನ್ನು ಓದಿ

ಮರಿ ಮಾಡಿಸಲೆಂದು ತರಿಸಿದ 60 ಕಡಕನಾಥ್ (ಕಪ್ಪು ಕೋಳಿ ತಳಿ) ತತ್ತಿಗಳಿಂದ ನನಗೆ ದಕ್ಕಿದ್ದು ಎರಡೇ ಎರಡು ಮರಿ. ತತ್ತಿಗೆ 40 ರೂಪಾಯಿಯಂತೆ 2,400 ರೂಪಾಯಿ ಹೋಯಿತು. ಅದಕ್ಕಿಂತಲೂ, ಹುಮನಾಬಾದಿನ ನಮ್ಮ ಓಣಿಯವರಿಗೆಲ್ಲ ಮರಿ ಕೊಡುತ್ತೇನೆಂದು ಮೊದಲೇ ಮಾತು ಕೊಟ್ಟು, ಈಗ ಅವರೆದುರು ತಲೆ ಎತ್ತಲಾಗದಿರುವುದು ಹೆಚ್ಚು ನೋಯಿಸುತ್ತಿದೆ.

ಮೇ 4ರಂದು ಹಣ ಹಾಕಿದೆ. "ಇವತ್ತೇ ಬಸ್ಸಿಗೆ ಹಾಕಿದ್ದೀನಿ ಸರ್, ನಿನ್ನೆಯ ತಾಜಾ ತತ್ತಿ" ಎಂದು ಮಾರಾಟಗಾರರು ಅಂದು ಸಂಜೆಯೇ ಹೇಳಿದರು. ಪೆಟ್ಟಿಗೆ ಬಂದದ್ದು 12ರಂದು, ಅದೂ ತಲೆಕೆಳಗಾಗಿ. ಒಂಬತ್ತು ತತ್ತಿ ಒಡೆದು ಸುತ್ತ ತುಂಬಿದ್ದ ಹೊಟ್ಟೆಲ್ಲ ಅಂಟಂಟಾಗಿತ್ತು. ತಡವಾದದ್ದು ಪಾರ್ಸೆಲ್‌ನವರ ತಪ್ಪೆಂದು ಮಾರಾಟಗಾರರು ಹೇಳಿದ್ದನ್ನು ನಾನು ನಂಬಿದೆ, ಪೂರ್ತಿಯಾಗಿ ನಂಬಿದೆ.

ರಾತ್ರಿ ಟಾರ್ಚ್ ಹಿಡಿದು ಒಂದೊಂದನ್ನೇ ನೋಡಿದೆ. ತತ್ತಿಯ ದಪ್ಪ ತುದಿಯಲ್ಲಿ ಕದಲದೆ ಇರಬೇಕಾದ ಗಾಳಿಗುಳ್ಳೆಯು, ಅರ್ಧಕ್ಕಿಂತ ಹೆಚ್ಚು ತತ್ತಿಗಳಲ್ಲಿ ಗೌಂಡಿಯ ರಸಮಟ್ಟದ ಗುಳ್ಳೆಯಂತೆ ಅತ್ತಿಂದಿತ್ತ ಓಡಾಡುತ್ತಿತ್ತು. ದಾರಿಯ ಕುಲುಕಾಟಕ್ಕೆ ಒಳಪೊರೆಯೇ ಬಿಟ್ಟುಕೊಂಡಿತ್ತು. ಹೊರಗೆ ಮಾತ್ರ ಒಂದು ಗೆರೆಯೂ ಇರಲಿಲ್ಲ. ಕೂಡಲೇ ಫೋನ್ ಮಾಡಿದರೆ, "ಏನೂ ಆಗಲ್ಲ ಸರ್, ಕಾವು ಕೊಡುವ ಮಷಿನ್‌ಗೆ ಇಡಿ" ಎಂಬ ಉತ್ತರ ಬಂತು. ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಅಲುಗಾಡಿಸದೆ ಇಟ್ಟು, ಆಮೇಲೆ 37.5 ಡಿಗ್ರಿ ಕಾವಿಗೆ ಇಟ್ಟೆ. ಪಕ್ಕದ ಮನೆಯ ಕಾಕು ಕೊಟ್ಟ 12 ಜವಾರಿ ತತ್ತಿಗಳನ್ನೂ ಅದೇ ಮಷಿನ್‌ನಲ್ಲಿ, ಅದೇ ದಿನ ಇಟ್ಟಿದ್ದೆ.

ಏಳನೆಯ ದಿನ ನೋಡಿದರೆ 51ರಲ್ಲಿ 33 ತತ್ತಿಗಳಲ್ಲಿ ಜೀವದ ಸುಳಿವೇ ಇರಲಿಲ್ಲ. 21ನೆಯ ದಿನಕ್ಕೆ ಜವಾರಿ ಹನ್ನೆರಡರಲ್ಲಿ ಹತ್ತು ಮರಿ ಹೊರಬಂದವು. ಕಡಕನಾಥ್ ಮೂರು ಬಂದವು, ಅವುಗಳಲ್ಲಿ ಒಂದು ಅಂದೇ ರಾತ್ರಿ ಸತ್ತಿತು. "ನಿಮ್ಮ ಮಷಿನ್ ಸರಿಯಿಲ್ಲ ಸರ್" ಎಂದರು ಮಾರಾಟಗಾರರು. ಅದೇ ಮಷಿನ್‌ನಲ್ಲಿ ಆದ ಹತ್ತು ಜವಾರಿ ಮರಿಗಳ ಫೋಟೋ ಕಳಿಸಿದೆ. "ಜವಾರಿ ಗಟ್ಟಿ ಸರ್, ಕಡಕನಾಥ್ ನಾಜೂಕು. ಒಡೆದಿದ್ದಕ್ಕೆ ಮಾತ್ರ ನಮ್ಮ ಜವಾಬ್ದಾರಿ, ಮುಂದಿನ ಆರ್ಡರ್‌ನಲ್ಲಿ ಒಂಬತ್ತು ಹೆಚ್ಚು ಹಾಕ್ತೀನಿ" ಎಂದರು.

ಆಗ ಪಾರ್ಸೆಲ್ ರಸೀದಿಯನ್ನು ಹುಡುಕಿ ತೆಗೆದೆ. ಬುಕ್ ಮಾಡಿದ ತಾರೀಖು ಮೇ 10 ಎಂದಿತ್ತು. ಹಣ ಪಡೆದು ಆರು ದಿನ ತತ್ತಿಗಳನ್ನು ಬೇಸಿಗೆಯ ಸೆಕೆಯಲ್ಲಿ ಇಟ್ಟುಕೊಂಡು, "ಇವತ್ತೇ ಹಾಕಿದ್ದೀನಿ" ಎಂದು ನನಗೆ ಸುಳ್ಳು ಹೇಳಿದ್ದರು! ಆ ರಸೀದಿ ಮೊದಲ ದಿನದಿಂದಲೂ ನನ್ನ ಮನೆಯಲ್ಲೇ ಇತ್ತು, ನಾನೇ ನೋಡಿರಲಿಲ್ಲ. ಕೋಳಿ ಇಟ್ಟ ವಾರದೊಳಗೆ ಕಾವಿಗೆ ಹೋಗಬೇಕಾದ ತತ್ತಿ ಅದಾಗಲೇ ಕೆಟ್ಟಿರಬೇಕು, ಉಳಿದದ್ದನ್ನು ದಾರಿ ಕೆಡಿಸಿತು. ಬೀದರಿನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದ್ದೂ ಹಣ ಹಾಕುವ ಮುನ್ನ ಅಲ್ಲಿಗೆ ಹೋಗಿ ಒಂದು ಮಾತು ಕೇಳದೆ ಹೋದೆನಲ್ಲ ಎಂದು ನಾಚಿಕೆಯಾಗುತ್ತದೆ.

ಬೇಸಿಗೆಯಲ್ಲಿ ದೂರದಿಂದ ತತ್ತಿ ತರಿಸಬೇಡಿ. ತರಿಸಲೇಬೇಕಿದ್ದರೆ ರಸೀದಿಯ ಫೋಟೋ ಬಂದ ಮೇಲೆಯೇ ಹಣ ಹಾಕಿ. ಒಳಗೆ ಕೆಟ್ಟ ತತ್ತಿಗೂ ಜವಾಬ್ದಾರಿ ಯಾರದೆಂದು ಬರೆಸಿಕೊಳ್ಳಿ. ರಸೀದಿಯ ಫೋಟೋ ಕಳಿಸಿ ತಾರೀಖಿನ ಬಗ್ಗೆ ಕೇಳಿದ ದಿನದಿಂದ ಅವರು ನನ್ನ ಫೋನ್ ಎತ್ತುತ್ತಿಲ್ಲ.