ದೂರದ ಪಯಣದ ಮುನ್ನಾದಿನ ಗಾಡಿಯನ್ನು ಗ್ಯಾರೇಜಿಗೆ ಬಿಡಬೇಡಿ

ವಿಜಯಪುರ, ಇಂಡಿ, ಮುದ್ದೇಬಿಹಾಳದ ಕಡೆಯ ಹಲವು ಹುಡುಗರು ಈ ಸಲ ಒಬ್ಬೊಬ್ಬರೇ ಬೈಕ್ ಮೇಲೆ ಲೇಹ್‌ಗೆ ಹೊರಡುವ ತಯಾರಿಯಲ್ಲಿದ್ದಾರೆಂದು ಕೇಳಿದೆ. ಇದನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ. ಕಳೆದ ಜೂನ್‌ನಲ್ಲಿ ನಾನೂ ಹೊರಟಿದ್ದೆ. ಎರಡು ವರ್ಷ ಹಣ ಕೂಡಿಸಿ, ರಜೆ ಹೊಂದಿಸಿ, ಮನೆಯವರನ್ನು ಒಪ್ಪಿಸಿ ಹೊರಟ ಪಯಣ ಐನೂರು ಕಿಲೋಮೀಟರ್ ಕೂಡ ಸಾಗಲಿಲ್ಲ. ಕೆಟ್ಟದ್ದು ರಸ್ತೆಯಿಂದಲ್ಲ, ಮಳೆಯಿಂದಲ್ಲ. ಪಯಣಕ್ಕೆಂದು ಗಾಡಿಗೆ ಮಾಡಿಸಿದ ಕೆಲಸದಿಂದಲೇ ಕೆಟ್ಟಿತು.

ದಾರಿ ಸರಳವಾಗಿತ್ತು. ಅಂಕೋಲೆಯಿಂದ ಪಂಜಾಬಿನ ಸಂಗ್ರೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 52 ನಮ್ಮೂರು ವಿಜಯಪುರವನ್ನು ಹಾದೇ ಹೋಗುತ್ತದೆ. ಸೊಲ್ಲಾಪುರ, ತುಳಜಾಪುರ, ಬೀಡ್, ಔರಂಗಾಬಾದ್ (ಈಗಿನ ಛತ್ರಪತಿ ಸಂಭಾಜಿನಗರ), ಧುಳೆ, ಇಂದೋರ್ ಎಂದು ಅದನ್ನೇ ಹಿಡಿದು ಉತ್ತರಕ್ಕೆ ಹೋಗುವುದು, ಆಮೇಲೆ ಮನಾಲಿ, ಲೇಹ್. ಮನಾಲಿಯ ಆಚೆ ತಾಂಡಿಯ ಬಂಕಿನಲ್ಲಿ ‘ಮುಂದಿನ ಬಂಕ್ 365 ಕಿಲೋಮೀಟರ್’ ಎಂಬ ಫಲಕದ ಚಿತ್ರವನ್ನು ನೀವೂ ನೋಡಿರುತ್ತೀರಿ. ಅದನ್ನು ನೋಡಿಯೇ ಐದೈದು ಲೀಟರಿನ ಎರಡು ಕ್ಯಾನ್ ಹಿಡಿಸುವ ಕ್ಯಾರಿಯರ್ ಬೇಕೆನಿಸಿತು. ಘಾಟ್‌ಗಳ ಕತ್ತಲೆಗೆಂದು ನಲವತ್ತು ವ್ಯಾಟಿನ ಎರಡು ಹೆಚ್ಚುವರಿ ದೀಪ. ಹಳೆಯ ಚೈನ್ ಸವೆದಿತ್ತು, ಅದು ಸುತ್ತುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್ ಸಮೇತ ಹೊಸದು. ಬ್ರೇಕ್ ಪ್ಯಾಡ್, ಕ್ಲಚ್ ಕೇಬಲ್, ಆಯಿಲ್ ಸಹ.

ಇಷ್ಟನ್ನೂ ಗುರುವಾರ ಗ್ಯಾರೇಜಿಗೆ ಕೊಟ್ಟೆ. ಹೊರಡುವುದು ಶನಿವಾರ ಬೆಳಗಿನ ಜಾವ. ಕೊಟ್ಟವನು ಅಲ್ಲಿ ನಿಲ್ಲಲಿಲ್ಲ, ಬಟ್ಟೆ, ಔಷಧ, ಕಾಗದಪತ್ರ ಹೊಂದಿಸಲು ಮನೆಗೆ ಓಡಿದೆ. ಇದೇ ಮೊದಲ ತಪ್ಪು. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಗಾಡಿ ಕೈಗೆ ಬಂತು. ಗೋಲಗುಮ್ಮಟದವರೆಗೆ ಹೋಗಿ ತಿರುಗಿ ಬಂದೆ, ಹಗುರವಾಗಿ ಓಡಿತು, ದೀಪಗಳು ರಸ್ತೆಯನ್ನೆಲ್ಲ ಬೆಳಗಿದವು. ಹದಿನಾಲ್ಕು ಸಾವಿರ ಕೊಟ್ಟೆ. ಬಿಲ್ ಕೇಳಲಿಲ್ಲ, ಬಿಚ್ಚಿದ ಹಳೆಯ ಭಾಗಗಳನ್ನೂ ಕೇಳಲಿಲ್ಲ.

ಮೊದಲ ದಿನ ತುಳಜಾಪುರ ದಾಟಿದ ಮೇಲೆ ಹಿಂದಿನಿಂದ ಸಣ್ಣಗೆ ಕೊರೆಯುವಂಥ ಸದ್ದು ಕೇಳತೊಡಗಿತು. ಹೊಸ ಚೈನ್, ಹೊಂದಿಕೊಳ್ಳುವವರೆಗೆ ಹೀಗೆಯೇ ಇರಬಹುದು ಎಂದುಕೊಂಡೆ. ಬೀಡ್‌ನಲ್ಲಿ ಊಟಕ್ಕೆ ನಿಂತಾಗ ಇಳಿದು ಹಿಂದಿನ ಚಕ್ರದ ನಡುವಿಗೊಮ್ಮೆ ಕೈ ಇಟ್ಟಿದ್ದರೂ ಸಾಕಿತ್ತು, ಅದು ಅತಿಯಾಗಿ ಕಾದಿರುವುದು ತಿಳಿಯುತ್ತಿತ್ತು. ಇಡಲಿಲ್ಲ.

ಔರಂಗಾಬಾದಿನಲ್ಲಿ ರಾತ್ರಿ ತಂಗಿ, ಬಿಸಿಲು ಏರುವ ಮುನ್ನ ಧುಳೆ ದಾಟಬೇಕೆಂದು ಮೂರೂವರೆಗೇ ಹೊರಟೆ. ಸುಮಾರು ಅರವತ್ತು ಕಿಲೋಮೀಟರ್ ಹೋದರೆ ಕನ್ನಡ್ ಎಂಬ ತಾಲ್ಲೂಕು ಊರು ಬರುತ್ತದೆ. ಮಹಾರಾಷ್ಟ್ರದ ನಡುವೆ, ದೀಪದ ಬೆಳಕಿನಲ್ಲಿ ಫಲಕದ ಮೇಲೆ ಆ ಹೆಸರು ಕಂಡಾಗ ಆದ ಸಂತೋಷ ಇನ್ನೂ ನೆನಪಿದೆ. ಅದರಾಚೆ ಚಾಳೀಸ್‌ಗಾಂವ್ ಕಡೆಗೆ ಇಳಿಯುವ ಘಾಟ್. ಅಲ್ಲಿನ ಮೂರನೆಯದೋ ನಾಲ್ಕನೆಯದೋ ಕಡಿದಾದ ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ಹೊರಳಿಸಿದೆ. ಎಲ್ಲ ದೀಪಗಳೂ ಒಮ್ಮೆಲೇ ಆರಿ, ಎಂಜಿನ್ ನಿಂತಿತು.

ಕತ್ತಲೆಯಲ್ಲಿ ಅಂಚಿನ ಬಿಳಿ ಗೆರೆಯೊಂದೇ ಆಧಾರ. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಮೊಬೈಲ್ ಬೆಳಕು ಹಾಯಿಸಿದರೆ ಪೆಟ್ರೋಲ್ ಟ್ಯಾಂಕಿನ ಕೆಳಗಿನಿಂದ ಹೊಗೆ. ಕೀಲಿ ತೆಗೆದೆ. ಹೊಗೆ ನಿಲ್ಲಲಿಲ್ಲ. ದೀಪದ ವೈರನ್ನು ನೇರವಾಗಿ ಬ್ಯಾಟರಿಗೆ ಕಟ್ಟಿದ್ದರಿಂದ ಅದಕ್ಕೆ ಕೀಲಿಯ ಹಂಗೇ ಇರಲಿಲ್ಲ. ಬ್ಯಾಟರಿ ಸೀಟಿನ ಕೆಳಗೆ, ಸೀಟಿನ ಮೇಲೆ ಹಗ್ಗ ಬಿಗಿದ ಚೀಲ, ಚೀಲದ ತಳದಲ್ಲಿ ಪಾನಾಗಳ ಪೊಟ್ಟಣ. ಬ್ಯಾಟರಿಯ ತಂತಿ ಬಿಚ್ಚಲು ಬೇಕಾದದ್ದು 10 ನಂಬರಿನ ಒಂದೇ ಒಂದು ಪಾನಾ. ಗಂಟು ಬಿಚ್ಚುವಷ್ಟರಲ್ಲಿ ಬೆರಳುಗಳು ನಡುಗುತ್ತಿದ್ದವು. ಟ್ಯಾಂಕಿನಲ್ಲಿ ಹನ್ನೆರಡು ಲೀಟರ್ ಪೆಟ್ರೋಲ್ ಇತ್ತು. ಅರ್ಧಕ್ಕೇ ಬಿಟ್ಟು ರಸ್ತೆಯ ಆಚೆ ಬದಿಗೆ ಓಡಿ ನಿಂತೆ. ವೈರ್ ತಾನಾಗಿಯೇ ಸುಟ್ಟು ತುಂಡಾಯಿತು, ಹೊಗೆ ಇಳಿಯಿತು. ಬೆಂಕಿ ಹತ್ತದೇ ಇದ್ದದ್ದು ದೈವಕೃಪೆ. ನನ್ನ ಎಚ್ಚರಿಕೆ ಅದರಲ್ಲಿ ಏನೂ ಇರಲಿಲ್ಲ.

ಬೆಳಕು ಹರಿದ ಮೇಲೆ ಎಂಜಿನ್ ಇಲ್ಲದೆಯೇ, ಬ್ರೇಕ್ ಹಿಡಿಯುತ್ತ ಇಳಿಜಾರಿನಲ್ಲಿ ಗಾಡಿ ಉರುಳಿಸಿಕೊಂಡು ಇಳಿದೆ. ಎಂಜಿನ್ ಸದ್ದಿಲ್ಲದ ಆ ಮೌನದಲ್ಲಿ ಹಿಂದಿನ ಚಕ್ರದಿಂದ ಮರಳು ಅರೆದಂಥ ಸದ್ದು ಸ್ಪಷ್ಟವಾಗಿ ಕೇಳಿತು.

ಘಾಟ್‌ನ ಬುಡದಲ್ಲಿ ಸಿಕ್ಕ ವಯಸ್ಸಾದ ಮೆಕ್ಯಾನಿಕ್ ಟ್ಯಾಂಕ್ ಇಳಿಸಿ ತೋರಿಸಿದರು. ದೀಪದ ವೈರನ್ನು ಹ್ಯಾಂಡಲ್ ತಿರುಗುವ ಕುತ್ತಿಗೆಯ ಹತ್ತಿರ ಸಡಿಲ ಬಿಡದೆ ಬಿಗಿಯಾಗಿ ಕಟ್ಟಿದ್ದರು. ಪ್ರತಿ ತಿರುವಿಗೂ ಅದು ಚಾಸಿಯ ಚೂಪು ಅಂಚಿಗೆ ತಿಕ್ಕಿ, ಮೇಲಿನ ಹೊದಿಕೆ ಹರಿದು, ತಾಮ್ರ ಕಬ್ಬಿಣಕ್ಕೆ ತಾಗಿತ್ತು. ಫ್ಯೂಸ್ ಇಲ್ಲ, ದೀಪದ ವಿದ್ಯುತ್ತನ್ನು ಹಾಕಿ ತೆಗೆಯುವ ರಿಲೇ ಸ್ವಿಚ್ಚೂ ಇಲ್ಲ. ಎಂಬತ್ತು ವ್ಯಾಟಿನ ದೀಪಗಳು 12 ವೋಲ್ಟಿನಲ್ಲಿ ಎಳೆಯುವುದು ಸುಮಾರು 6.7 ಆಂಪಿಯರ್. ಬ್ಯಾಟರಿಯ ಪಕ್ಕದಲ್ಲೇ 10 ಆಂಪಿಯರಿನ ಒಂದು ಫ್ಯೂಸ್ ಇದ್ದಿದ್ದರೆ ತಾಮ್ರ ತಾಗಿದ ಕ್ಷಣವೇ ಅದು ಹಾರಿ, ಎರಡು ದೀಪಗಳಷ್ಟೇ ಆರುತ್ತಿದ್ದವು. ಅಂಥ ಫ್ಯೂಸಿನ ಬೆಲೆ ಒಂದು ಚಹಾದಷ್ಟು. ಅದಿಲ್ಲದ್ದಕ್ಕೆ ಪಕ್ಕದಲ್ಲಿದ್ದ ಮೂಲ ವೈರಿಂಗ್ ಕೂಡ ಕರಗಿ ಒಂದೇ ಮುದ್ದೆಯಾಗಿತ್ತು. ನೀಲಿ, ಹಸಿರು, ಹಳದಿ ವೈರುಗಳ ಬಣ್ಣ ಗುರುತು ಸಿಗುತ್ತಿರಲಿಲ್ಲ.

ಆಮೇಲೆ ಅವರು ಹಿಂದಿನ ಚಕ್ರ ಬಿಚ್ಚಿ, ಅದು ಸಲೀಸಾಗಿ ತಿರುಗಲೆಂದು ನಡುವೆ ಇರುವ ಬೇರಿಂಗನ್ನು ನನ್ನ ಅಂಗೈಯಲ್ಲಿಟ್ಟರು. ಗ್ರೀಸ್ ಬೂದು ಬಣ್ಣದ ಕೆಸರಾಗಿತ್ತು, ಒಳಗಿನ ಗುಂಡುಗಳು ತಿರುಗಿಸಿದರೆ ತಡೆತಡೆದು ಕಟಕಟ ಎನ್ನುತ್ತಿದ್ದವು. ಮೊದಲೇ ಹಳತಾಗಿದ್ದ ಬೇರಿಂಗನ್ನು ಮುಗಿಸಿದ್ದು ಬಿಗಿಯಾದ ಚೈನ್. ಇದನ್ನು ನಾನೂ ಅಂದೇ ತಿಳಿದದ್ದು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಹಿಂದಿನ ಚಕ್ರ ಹಿಡಿದ ತೋಳಿನ ಕೀಲೂ ಎಂಜಿನ್ ಕಡೆಯ ಸ್ಪ್ರಾಕೆಟ್ಟಿನ ನಡುಬಿಂದುವೂ ಒಂದೇ ಜಾಗದಲ್ಲಿರುವುದಿಲ್ಲ. ಭಾರ ಬಿದ್ದು ಹಿಂಭಾಗ ಕುಸಿದಂತೆ ಎರಡು ಸ್ಪ್ರಾಕೆಟ್ಟುಗಳ ನಡುವಿನ ಅಂತರ ಹೆಚ್ಚುತ್ತದೆ, ಚೈನ್ ಇನ್ನಷ್ಟು ಬಿಗಿಯುತ್ತದೆ. ಗ್ಯಾರೇಜಿನಲ್ಲಿ ಖಾಲಿ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಬಿಗಿದಿದ್ದರು. ಅದರ ಮೇಲೆ ಮೂವತ್ತು ಕಿಲೋ ಸಾಮಾನು, ನಾನು, ರಸ್ತೆಯ ಗುಂಡಿಗಳು. ತಂಬೂರಿಯ ತಂತಿಯಂತೆ ಸೆಟೆದ ಚೈನ್ ಇಡೀ ದಿನ ಬೇರಿಂಗನ್ನು ಒಂದೇ ಕಡೆಗೆ ಜಗ್ಗಿತ್ತು. ಚೈನ್ ಎಷ್ಟು ಸಡಿಲವಿರಬೇಕೆಂಬುದು ನಿಮ್ಮ ಗಾಡಿಯ ಕೈಪಿಡಿಯಲ್ಲಿ ಮಿಲಿಮೀಟರಿನಲ್ಲಿ ಇರುತ್ತದೆ. ಚಕ್ರ ತಿರುಗಿಸುತ್ತ ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲಿ ಅಳೆಯಿರಿ. ಆಮೇಲೆ ಸಾಮಾನು ಹೇರಿ, ನೀವು ಕುಳಿತು, ಇನ್ನೊಬ್ಬರಿಂದ ಚೈನನ್ನು ಬೆರಳಿನಲ್ಲಿ ಎತ್ತಿಸಿ ನೋಡಿ. ಬೇರಿಂಗಿಗೆ ಪರೀಕ್ಷೆ ಇನ್ನೂ ಸುಲಭ: ಚಕ್ರ ನೆಲ ಬಿಟ್ಟಿರುವಾಗ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ, ಸ್ವಲ್ಪ ಆಡಿದರೂ ಬದಲಿಸಿ.

ವೈರಿಂಗ್ ಅಲ್ಲಿ ಸಿಗುವಂತಿರಲಿಲ್ಲ, ತರಿಸಲು ನಾಲ್ಕು ದಿನ ಎಂದರು. ಗ್ಯಾರೇಜಿನ ಮುಂದೆ ತಲೆ ಮೇಲೆ ಕೈ ಹೊತ್ತು ಕುಳಿತಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಂದು ಖಾಲಿ ಲಾರಿ ನಿಂತಿತು. ನನ್ನ ಗಾಡಿಯ ಮೇಲೆ ವಿಜಯಪುರದ ಕೆಎ-28 ನಂಬರ್ ಫಲಕ ನೋಡಿ ಚಾಲಕರು ನಿಲ್ಲಿಸಿದ್ದಂತೆ. ಇಂಡಿಯ ನಿಂಬೆಹಣ್ಣು ಇಳಿಸಿ ವಾಪಸಾಗುತ್ತಿದ್ದ ಲಾರಿ. “ಯಾವ ಊರು ತಮ್ಮಾ?” ಎಂದು ಕೇಳಿದರು. “ವಿಜಯಪುರ, ಕಾಕಾ” ಎನ್ನುವಾಗ ಗಂಟಲು ಕಟ್ಟಿತು. ಗಾಡಿಯನ್ನು ಹಗ್ಗ ಕಟ್ಟಿ ಏರಿಸಿಕೊಂಡು, ಮನೆಯ ಬಾಗಿಲಿಗೆ ತಂದಿಳಿಸಿ, ಡೀಸೆಲಿಗೆಂದು ಕೊಟ್ಟ ಹಣವನ್ನೂ ಅವರು ಮುಟ್ಟಲಿಲ್ಲ.

ಗ್ಯಾರೇಜಿನವರು “ನಾವು ಕೊಟ್ಟಾಗ ಗಾಡಿ ಸರಿಯಾಗಿಯೇ ಇತ್ತು” ಎಂದಷ್ಟೇ ಹೇಳಿದರು. ಏನೇನು ಮಾಡಿದರೆಂದು ಬರೆದ ಚೀಟಿ ನನ್ನಲ್ಲಿರಲಿಲ್ಲ, ಮಾತು ಅಲ್ಲಿಗೇ ಮುಗಿಯಿತು. ವೈರಿಂಗ್, ಬೇರಿಂಗ್, ಮತ್ತೊಮ್ಮೆ ಚೈನ್ ಸೇರಿ ಹನ್ನೊಂದು ಸಾವಿರ ಖರ್ಚಾಯಿತು. ಹೋದ ರಜೆ ಹೋಯಿತು.

ದಯವಿಟ್ಟು ಹೊರಡುವ ಮೂರು ವಾರ ಮೊದಲೇ ಗಾಡಿಯ ಕೆಲಸ ಮುಗಿಸಿ. ಮಾಡುವಾಗ ಎದುರಿಗೆ ನಿಂತಿರಿ. ಟ್ಯಾಂಕ್ ಕೂರಿಸುವ ಮುನ್ನ ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ವೈರ್ ಸೆಟೆಯುತ್ತದೆಯೇ ನೋಡಿ. ಬಿಲ್ಲನ್ನೂ ಹಳೆಯ ಭಾಗಗಳನ್ನೂ ಕೇಳಿ ಪಡೆಯಿರಿ. ಪಾನಾಗಳು ಚೀಲದ ತಳದಲ್ಲಿ ಬೇಡ, ಒಂದೇ ಕೈಗೆ ಸಿಗುವಲ್ಲಿರಲಿ. ಆಮೇಲೆ ಲೇಹ್‌ಗೆ ಒಯ್ಯುವಷ್ಟೂ ಸಾಮಾನು ಹೇರಿಕೊಂಡು, ಕ್ಯಾನುಗಳಲ್ಲಿ ನೀರು ತುಂಬಿಸಿ, ಬಾದಾಮಿಗೆ ಹೋಗಿ ಬನ್ನಿ. ಹೋಗಿಬರುವುದು ಸುಮಾರು 250 ಕಿಲೋಮೀಟರ್. ತಪ್ಪು ಇದ್ದರೆ ಮನೆಯ ಹತ್ತಿರವೇ ಹೊರಬೀಳುತ್ತದೆ, ಕರೆದರೆ ಬರುವವರು ಇರುತ್ತಾರೆ.

ಕಳೆದ ಭಾನುವಾರ ನಾನೂ ಹಾಗೆಯೇ ಹೋಗಿದ್ದೆ. ಕೊಲ್ಹಾರದಲ್ಲಿ ಕೃಷ್ಣೆಯ ಸೇತುವೆ ದಾಟಿ ಗಾಡಿ ನಿಲ್ಲಿಸಿ, ಮೊದಲು ಹಿಂದಿನ ಚಕ್ರದ ನಡುವಿಗೆ ಕೈ ಇಟ್ಟೆ. ಬಿಸಿಲಿಗೆ ಕಾದಷ್ಟೇ ಬೆಚ್ಚಗಿತ್ತು.