ಬಿಟ್ಟ ಮೇಲೆ ಇನ್ನೊಂದು ಧರ್ಮವೋ, ಸದ್ಯಕ್ಕೆ ಯಾವುದೂ ಬೇಡವೋ?

ಉಸಿರುಗಟ್ಟಿಸುವ ಧರ್ಮ ಬಿಟ್ಟು ಬಂದವರನ್ನು ಮೊದಲು ಕಾಡುವುದು ಒಂಟಿತನ. ಬೇರೆ ಧರ್ಮ ಸೇರಿದರೆ ಜನ, ಪ್ರಾರ್ಥನೆ, ಕಷ್ಟಕ್ಕೆ ಆಗುವವರು ಬೇಗ ಸಿಗುತ್ತಾರೆ. ಅದು ಸಣ್ಣ ವಿಷಯವಲ್ಲ. ಆದರೆ ಹಳೆಯ ಭಯ ಇನ್ನೂ ಮಾಸಿರುವುದಿಲ್ಲ, ಅಲ್ವಾ? ಮೊದಲ ದಿನವೇ ಪ್ರೀತಿಯಲ್ಲಿ ಮುಳುಗಿಸುವ ಗುಂಪಿನ ಬಗ್ಗೆ ಎಚ್ಚರವಿರಲಿ. ಮನಸ್ಸನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಗುಂಪುಗಳ 8 ಗುರುತುಗಳನ್ನು ಮನೋವೈದ್ಯ ರಾಬರ್ಟ್ ಲಿಫ್ಟನ್ 1961ರಲ್ಲೇ ಪಟ್ಟಿ ಮಾಡಿದ್ದರು. ತಪ್ಪೊಪ್ಪಿಗೆಗೆ ಒತ್ತಾಯ, ಪ್ರಶ್ನಿಸಲಾಗದ ಬೋಧನೆ ಅದರಲ್ಲಿವೆ. ಹೊಸ ಕಡೆಯೂ ಇವು ಇವೆಯಾ ಅಂತ ನೋಡಿ.

ಯಾವುದಕ್ಕೂ ಸೇರದಿದ್ದರೆ ಖಾಲಿತನ ಜಾಸ್ತಿ, ನಿಜ. ಆದರೆ ನಿಮ್ಮದೇ ಯೋಚನೆ ಯಾವುದು, ತುಂಬಿಸಿದ್ದು ಯಾವುದು ಅಂತ ತಿಳಿಯಲು ಸಮಯ ಸಿಗುತ್ತದೆ. ನನ್ನ ಒಲವು ಇದಕ್ಕೇ. ಸೇರಲೇಬೇಕು ಅನಿಸಿದರೆ, ಸದಸ್ಯರಾಗದೆ ಸುಮ್ನೆ ಕೆಲವು ತಿಂಗಳು ಹೋಗಿ ಬನ್ನಿ. ಬಿಟ್ಟು ಹೋದವರ ಬಗ್ಗೆ ಅಲ್ಲಿ ಹೇಗೆ ಮಾತಾಡುತ್ತಾರೆ, ಕೇಳಿಸಿಕೊಳ್ಳಿ.